ಕೆರೆಯ ಹರಿಗೋಲಿಗೆ ಗಾಜಿನ ನಾರು

ಮೇಸ್ತ್ರಿಯ ಜೇಬಿನಲ್ಲಿ ಹಳೆಯ ಒಂದು ರೂಪಾಯಿ ನಾಣ್ಯ ಸದಾ ಇರುತ್ತದೆ. ಅದು ಖರ್ಚಿಗಲ್ಲ. ಕೆರೆ ಏರಿಯ ಮಗ್ಗುಲಲ್ಲಿ ಬೋರಲು ಹಾಕಿದ ಫೈಬರ್ ಹರಿಗೋಲಿನ ಸುತ್ತ ಕುಕ್ಕರಗಾಲಲ್ಲೇ ಸರಿಯುತ್ತಾ ಆ ನಾಣ್ಯದಿಂದ ಅದರ ಮೈಯನ್ನೆಲ್ಲ ಬಡಿದು ನೋಡುತ್ತಾರೆ. ಗಟ್ಟಿಯಿದ್ದ ಕಡೆ ಟಣ್ಣೆಂಬ ಚುರುಕು ಸದ್ದು, ಒಳಪದರ ಬಿಟ್ಟುಕೊಂಡ ಕಡೆ ಮಂಕು ಸದ್ದು. ಮಂಕಾದ ಕಡೆಗೆಲ್ಲ ಸೀಮೆಸುಣ್ಣದ ಗೆರೆ ಬೀಳುತ್ತದೆ. ನನ್ನ ಕಣ್ಣಿಗೆ ಕಂಡದ್ದು ಒಂದು ಗೇಣಿನ ಬಿರುಕು. ಅವರು ಗೆರೆ ಎಳೆದು ಮುಗಿಸುವಾಗ ಗುರುತಾದ ಜಾಗ ಒಂದು ಮೊರದಗಲವಾಗಿತ್ತು. ಅಟ್ಟದಿಂದ ಇಳಿಸಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಉಂಡೆ ಕೊಬ್ಬರಿ ಕರಟ ಬಿಟ್ಟಿದೆಯೋ ಇಲ್ಲವೋ ಎಂದು ಹೇಳುವ ನಮ್ಮ ಸೀಮೆಯ ಹಿರಿಯರ ಕಿವಿಯೇ ಇಲ್ಲಿಯೂ ಕೆಲಸ ಮಾಡುತ್ತಿತ್ತು.

"ಬಿರುಕು ನೋಡಿ ತ್ಯಾಪೆ ಹಾಕ್ಬಾರ್ದು ಕಣಣ್ಣ, ಸದ್ದು ಕೇಳಿ ಹಾಕ್ಬೇಕು" ಎಂದರು.

ಹೊನ್ನವಳ್ಳಿಗೂ ದೋಣಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಇದು ತಿಪಟೂರು ಕಡೆಯ ತೆಂಗಿನ ಊರು. ಒಂದು ಕಾಲಕ್ಕೆ ತಾಲ್ಲೂಕು ಕೇಂದ್ರವಾಗಿತ್ತು. ಇಲ್ಲಿ ಬೆಳೆಯುವ ಗಂಗಾಪಾಣಿ ಎಂಬ ತೆಂಗಿನ ತಳಿಯ ಸಿಹಿ ಎಳನೀರನ್ನು ಬಿ.ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರ್ ಕೂಡ ನೆನೆದಿದೆ. ಆದರೆ ತೋಟ ಇರುವಲ್ಲಿ ಕೆರೆಯೂ ಇರಲೇಬೇಕು. ಏತ ನೀರಾವರಿಯಿಂದ ಹೇಮಾವತಿ ನೀರು ಈ ಭಾಗದ ಕೆರೆಗಳಿಗೆ ಬರತೊಡಗಿದ ಮೇಲೆ, ನೀರು ನಿಂತ ವರ್ಷಗಳಲ್ಲಿ ಮೀನು ಸಾಕಣೆ ನಡೆಯುತ್ತದೆ. ಮೀನಿದ್ದರೆ ಬಲೆ ಬೇಕು, ಬಲೆ ಬಿಡಲು ಹರಿಗೋಲು ಬೇಕು. ಈಗ ಬರುವ ಹರಿಗೋಲು ಬಿದಿರಿನದಲ್ಲ, ಫೈಬರಿನದು.

ಮೇಸ್ತ್ರಿ ಈ ಹೋಬಳಿಯವರೇ. ಹೆಸರು ಬೇಡ, ಮೇಸ್ತ್ರಿ ಅಂತಲೇ ಬರ್ಕಳಿ ಎಂದದ್ದರಿಂದ ಹಾಗೇ ಬರೆಯುತ್ತಿದ್ದೇನೆ. ಮೀಸೆ ಮೂಡುವ ವಯಸ್ಸಿನಲ್ಲಿ ಮಲ್ಪೆಗೆ ಹೋದವರು. ಬಂದರಿನಲ್ಲಿ ಮಂಜುಗಡ್ಡೆ ಹೊರುವ ಕೆಲಸಕ್ಕೆ ಸೇರಿ, ಅಲ್ಲಿಂದ ಬೋಟು ರಿಪೇರಿಯ ಅಂಗಳಕ್ಕೆ ಬಂದರು. ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಕಡಲಿಗೆ ಬಿಡುವಿದ್ದಾಗ ಅಂಗಳದಲ್ಲಿ ಉಸಿರಾಡಲು ಬಿಡುವಿರುವುದಿಲ್ಲ. ಮಳೆಯಲ್ಲಿ ಟಾರ್ಪಾಲು ಕಟ್ಟಿ, ಅದರಡಿ ಮರದ ಬೋಟುಗಳ ಹೊಟ್ಟೆ ಒಣಗಿಸಿ, ಮರ ಕೊರೆಯುವ ಹುಳ ಹೊಗದಂತೆ ಫೈಬರ್ ಹೊದಿಸುವುದು ಅವರು ಕಲಿತ ಮೊದಲ ಪಾಠ. ಮೊದಲೆಲ್ಲ ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರಂತೆ. ಅದನ್ನು ಪ್ರತಿ ವರ್ಷ ಬಳಿಯಬೇಕಿತ್ತು.

ಹಳಬರ ಕಥೆಗಳಲ್ಲಿ ಅವರಿಗೆ ತುಂಬ ಹಿಡಿಸಿದ್ದು ರಾಂಪಣಿ ದೋಣಿಯದು. ದಡದಿಂದ ಎಳೆಯುವ ಆ ಭಾರಿ ಬಲೆಯನ್ನು ಕಡಲಿಗೆ ಬಿಡುತ್ತಿದ್ದ ದೋಣಿಯ ಹಲಗೆಗಳನ್ನು ಮೊಳೆಯಿಂದಲ್ಲ, ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. 1970ರ ದಶಕದ ಕೊನೆಯ ಹೊತ್ತಿಗೆ ಪರ್ಸೀನ್ ಬಲೆ ಬಂದು ರಾಂಪಣಿ ಹಿಂದೆ ಸರಿಯಿತು. ತೆಂಗಿನ ನಾಡಿನಿಂದ ಹೋದ ಹುಡುಗನಿಗೆ ನಾರಿನಿಂದ ದೋಣಿ ಹೊಲಿಯುತ್ತಿದ್ದರು ಎಂಬ ಮಾತು ಕಿವಿಯಲ್ಲೇ ಉಳಿದಿದೆ. ಈಗಲೂ ಹೊಸಬರಿಗೆ ಕೆಲಸ ಹೇಳಿಕೊಡುವಾಗ ಅಲ್ಲಿಂದಲೇ ಶುರು ಮಾಡುತ್ತಾರೆ: ಆಗಲೂ ದೋಣಿ ನಿಂತಿದ್ದು ನಾರಿನ ಮೇಲೆ, ಈಗಲೂ ನಾರಿನ ಮೇಲೆ, ರೆಸಿನ್ ಬರೀ ಅಂಟು.

ಮಾತು ನಿಜ. ಪಾಲಿಯೆಸ್ಟರ್ ರೆಸಿನ್ ಒಂದೇ ಗಟ್ಟಿಯಾದರೆ ಗಾಜಿನಂತೆ ಪಟ್ಟನೆ ಒಡೆಯುತ್ತದೆ. ಅದಕ್ಕೆ ಬಲ ಕೊಡುವುದು ಗಾಜಿನ ನಾರು. ಅಮೆರಿಕದಲ್ಲಿ ಕಾರ್ಲ್‌ಟನ್ ಎಲ್ಲಿಸ್ ಈ ಬಗೆಯ ರೆಸಿನ್ನಿಗೆ ಪೇಟೆಂಟ್ ಪಡೆದದ್ದು 1930ರ ದಶಕದಲ್ಲಿ. 1942ರಲ್ಲಿ ರೇ ಗ್ರೀನ್ ಎಂಬವರು ಗಾಜಿನ ನಾರು ಮತ್ತು ಪಾಲಿಯೆಸ್ಟರ್ ಸೇರಿಸಿ ಚಿಕ್ಕ ದೋಣಿ ಮಾಡಿದರು. ನಮ್ಮ ತೆಂಕಣ ಕಡಲಿನಲ್ಲಿ 2004ರ ಸುನಾಮಿ ದೊಡ್ಡ ತಿರುವು. ತಮಿಳುನಾಡಿನ ದಡದಲ್ಲಿ ಕೊಚ್ಚಿಹೋದ ಕಟ್ಟುಮರಗಳ ಜಾಗಕ್ಕೆ ಪರಿಹಾರವಾಗಿ ಬಂದದ್ದು ಬಹುಪಾಲು ಫೈಬರ್ ದೋಣಿಗಳು. ಹರಿಗೋಲಿನ ಚರಿತ್ರೆ ಇದಕ್ಕಿಂತ ಬಹಳ ಹಿಂದಿನದು. ಬುಟ್ಟಿಯಂತೆ ದುಂಡಗೆ ಹೆಣೆದು ಚರ್ಮ ಹೊದಿಸಿದ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ಆನೆಗೊಂದಿಯ ಹೊಳೆ ದಾಟುವುದನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಹದಿನಾರನೆಯ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಚರ್ಮ ಹೋಗಿ ಪ್ಲಾಸ್ಟಿಕ್ ಚೀಲ ಮತ್ತು ಡಾಂಬರು ಬಂತು, ಅದರ ಬೆನ್ನಿಗೆ ಫೈಬರ್.

ಇನ್ನು ತ್ಯಾಪೆಯ ಕೆಲಸ. ಗೆರೆಯ ಒಳಗಿನ ಭಾಗವನ್ನೆಲ್ಲ ಗ್ರೈಂಡರಿನಿಂದ ಉಜ್ಜಿ ತೆಗೆಯುತ್ತಾರೆ. ಅಂಚನ್ನು ಕಡಿದಾಗಿ ಬಿಡುವಂತಿಲ್ಲ. ಗೋಡೆ ಅರ್ಧ ಸೆಂಟಿಮೀಟರ್ ದಪ್ಪವಿದ್ದರೆ ಸುತ್ತಲೂ ಆರು ಸೆಂಟಿಮೀಟರ್ ಇಳಿಜಾರು ಬೇಕು, ಅಂದರೆ ದಪ್ಪದ ಹನ್ನೆರಡು ಪಟ್ಟು. ಗಟ್ಟಿಯಾಗಿ ಹಳತಾದ ಪಾಲಿಯೆಸ್ಟರಿನೊಂದಿಗೆ ಹೊಸ ರೆಸಿನ್ ಪೂರಾ ಬೆಸೆದುಕೊಳ್ಳುವುದಿಲ್ಲ. ತರಿತರಿಯಾದ ಮೈಯನ್ನು ಕಚ್ಚಿ ಹಿಡಿದು ನಿಲ್ಲುತ್ತದೆ, ಅಷ್ಟೇ. ಆದ್ದರಿಂದ ಕಚ್ಚಲು ಎಷ್ಟು ಜಾಗ ಕೊಟ್ಟರೆ ಅಷ್ಟು ಆಯಸ್ಸು. ಉಜ್ಜಿದ ಮೇಲೆ ಅಸಿಟೋನ್ ಹಾಕಿ ಒರೆಸುತ್ತಾರೆ. ಆಮೇಲೆ ಆ ಜಾಗವನ್ನು ಯಾರೂ ಕೈಯಿಂದ ಮುಟ್ಟಕೂಡದು. ಮುಖ್ಯವಾಗಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈ ಹತ್ತಿರ ಬರಕೂಡದು. ಎಣ್ಣೆಯ ಒಂದು ಬೆರಳಚ್ಚು ಸಾಕು, ಅಲ್ಲಿ ಪದರ ಏಳುತ್ತದೆ. ನೀರೂ ಹಾಗೆಯೇ. ಒಡೆದ ಹರಿಗೋಲಿನ ನಾರು ನೀರು ಕುಡಿದಿರುತ್ತದೆ. ಅದನ್ನು ಬಿಸಿಲಿಗೆ ಹಾಕಿ ದಿನಗಟ್ಟಲೆ ಕಾಯುವ ತಾಳ್ಮೆಯೇ ಅರ್ಧ ಕೆಲಸ ಎನ್ನುತ್ತಾರೆ ಮೇಸ್ತ್ರಿ.

ರೆಸಿನ್ ಡಬ್ಬಿ ತೆರೆದರೆ ಮೂಗಿಗೆ ಇರಿಯುವ ವಾಸನೆ ಸ್ಟೈರೀನಿನದು. ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ಮೊದಲೇ ಬೆರೆತ ರೆಸಿನ್ ತುಸು ಗುಲಾಬಿ. ಅದಕ್ಕೆ ಹಾರ್ಡ್‌ನರ್ ಬಿದ್ದೊಡನೆ ಬಣ್ಣ ಕಂದು ಹಸಿರಿಗೆ ತಿರುಗುತ್ತದೆ. ನೂರು ಗ್ರಾಂ ರೆಸಿನ್ನಿಗೆ ಒಂದರಿಂದ ಎರಡು ಗ್ರಾಂ. ಏಪ್ರಿಲ್ ಮಧ್ಯಾಹ್ನ ಒಂದೇ ಸಾಕು, ಮಾರ್ಗಶಿರದ ಬೆಳಿಗ್ಗೆ ಎರಡು ಬೇಕು. ಅವರು ಅಳೆಯುವುದು ಸೂಜಿ ತೆಗೆದ ಸಿರಿಂಜಿನಲ್ಲಿ. ಕಲಸಿದ ಮೇಲೆ ಕಾಲು ಗಂಟೆ, ಹೆಚ್ಚೆಂದರೆ ಇಪ್ಪತ್ತೈದು ನಿಮಿಷ. ಅಷ್ಟರಲ್ಲಿ ಬಳಿದು, ಗಾಜಿನ ನಾರಿನ ಮ್ಯಾಟಿನ ತುಂಡು ಹಾಸಿ, ಮತ್ತೆ ಬಳಿದು, ರೋಲರ್ ಎಳೆದು ಗಾಳಿಯ ಗುಳ್ಳೆಗಳನ್ನು ಓಡಿಸಬೇಕು. ಬಿಳಿಯ ಮ್ಯಾಟು ರೆಸಿನ್ ಕುಡಿದು ಕಾಣದಾಗಬೇಕು. ಬಿಳಿ ಉಳಿದರೆ ಒಣಗಿದ ನಾರು, ಮಡುಗಟ್ಟಿದರೆ ಪೆಡಸು. ಮಗ್ಗಿನಲ್ಲಿ ಉಳಿದದ್ದು ತನ್ನಷ್ಟಕ್ಕೆ ಕಾದು ಹೊಗೆಯಾಡುತ್ತದೆ. ರಾಶಿಯಾಗಿದ್ದಷ್ಟೂ ಕಾವು ಹೆಚ್ಚು. ಇನ್ನು ಕೋಬಾಲ್ಟ್ ಬೇರೆ ಬಾಟಲಿಯಲ್ಲಿದ್ದರೆ ಅದನ್ನೂ ಹಾರ್ಡ್‌ನರನ್ನೂ ಎಂದೂ ನೇರ ಸೇರಿಸಬಾರದು. ಭಗ್ಗನೆ ಹೊತ್ತಿಕೊಳ್ಳುತ್ತದೆ, ಸಿಡಿಯಲೂಬಹುದು. ಮೇಸ್ತ್ರಿಯ ಮನೆಯಲ್ಲಿ ಒಂದು ಕೊಟ್ಟಿಗೆಯಲ್ಲಿದೆ, ಇನ್ನೊಂದು ಹಿತ್ತಲ ಗೂಡಿನಲ್ಲಿ. ಗಾಳಿ ತಾಗುವ ಪಾಲಿಯೆಸ್ಟರಿನ ಮೇಲ್ಮೈ ಅಂಟಂಟಾಗಿಯೇ ಉಳಿಯುವುದರಿಂದ ಕೊನೆಯ ಪದರದ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಎಳೆದು ಮುಚ್ಚುತ್ತಾರೆ.

ಹೊಸ ಹರಿಗೋಲು ಮಾಡುವುದು ಇದಕ್ಕಿಂತ ಸುಲಭವಂತೆ. ಅಚ್ಚಿಗೆ ಮೇಣ ಉಜ್ಜಿ, ಜೆಲ್‌ಕೋಟ್ ಹೊಡೆದು, ಮ್ಯಾಟು, ರೋವಿಂಗ್ ಎಂದು ಪದರ ಪದರ ಹಾಸಿದರೆ ಆಯಿತು. ಅದನ್ನು ಅವರು ಎರಡು ಮಾತಿನಲ್ಲಿ ಹೇಳಿ ಮುಗಿಸಿದರು. ಮುರಿದದ್ದನ್ನು ಕೂಡಿಸುವುದರಲ್ಲೇ ಅವರಿಗೆ ಮನಸ್ಸು. ಹರಿಗೋಲು ಸಿಗದ ತಿಂಗಳುಗಳಲ್ಲಿ ನೀರಿನ ಟ್ಯಾಂಕು, ಬಸ್ಸಿನ ಬಂಪರು, ಆರ್ಕೆಸ್ಟ್ರಾದವರ ಬೊಂಬೆಗಳಿಗೂ ತ್ಯಾಪೆ ಹಾಕುತ್ತಾರೆ.

ಉಜ್ಜುವಾಗ ಏಳುವ ಗಾಜಿನ ಧೂಳು ಕುತ್ತಿಗೆಗೆ, ಮೊಣಕೈಗೆ ಕೂತು ನವೆಯಾಗುತ್ತದೆ. ಅವರು ಮೂಗಿಗೆ ಕಟ್ಟಿಕೊಂಡದ್ದು ಒಂದು ಟವೆಲು. ಸ್ಟೈರೀನ್ ಬಹುಶಃ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2018ರಲ್ಲಿ ವರ್ಗೀಕರಿಸಿದೆ. ಟವೆಲು ಆ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಇದ್ದಿಲಿನ ಫಿಲ್ಟರ್ ಇರುವ ಮುಖಗವಸು ಬೇಕು. ಬಡಗಿ, ಕಮ್ಮಾರ, ಕುಂಬಾರರನ್ನು ಕುಶಲಕರ್ಮಿಗಳೆಂದು ಗುರುತಿಸುವ ನಾವು ಈ ಕೈಕೆಲಸವನ್ನು ಕಾರ್ಖಾನೆಯ ಸರಕಿನ ಬಾಬ್ತೆಂದು ಬದಿಗಿಡುತ್ತೇವೆ. ಮೀನುಗಾರಿಕೆ ಇಲಾಖೆಯ ಸಹಾಯಧನದಲ್ಲಿ ಒಳನಾಡಿನ ಮೀನುಗಾರರಿಗೆ ಫೈಬರ್ ಹರಿಗೋಲು ಬರುತ್ತದೆ, ಅದು ಒಡೆದಾಗ ಸರಿಮಾಡುವ ಕಲೆ ಜೊತೆಗೆ ಬರುವುದಿಲ್ಲ. ಬಂಡೆಗೆ ತಾಗಿ ಬಿರಿದ ಹರಿಗೋಲು ಏರಿಯ ಮೇಲೆ ಬಿಸಿಲು ಕಾಯುತ್ತಾ ಬಿದ್ದಿರುತ್ತದೆ. ಅದು ಕೊಳೆಯುವುದಿಲ್ಲ, ಕರಗಿಸಿ ಮತ್ತೆ ಎರಕ ಹೊಯ್ಯಲೂ ಬಾರದು. ಗಟ್ಟಿಯಾದ ಪಾಲಿಯೆಸ್ಟರ್ ಹಿಂದಿರುಗಿ ದ್ರವವಾಗುವುದಿಲ್ಲ. ರಿಪೇರಿ ಬಲ್ಲವರಿದ್ದರೆ ಮಾತ್ರ ಈ ವಸ್ತು ನಮ್ಮ ಕೆರೆಗಳಿಗೆ ಹೊರೆಯಾಗದು. ತಿಪಟೂರು ಸುತ್ತಿನ ಐಟಿಐಗಳಲ್ಲಿ ಹದಿನೈದು ದಿನದ ಪಾಠವಾಗಿಯಾದರೂ ಇದನ್ನು ಇವರಂಥವರಿಂದ ಹೇಳಿಸಬೇಕು, ಮುಖಗವಸಿನ ಪಾಠ ಮೊದಲಾಗಿ.

ಮೇಸ್ತ್ರಿಗೆ ಬೇರೆಯದೇ ಒಂದು ಆಸೆ ಇದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ರಬ್ಬರ್ ಮರ, ತೆಂಗಿನ ಮರದ ಹಲಗೆಗಳಿಗೆ ಔಷಧ ಕುಡಿಸಿ, ಫೈಬರ್ ಹೊದಿಸಿ ದೋಣಿ ಮಾಡಿದ್ದನ್ನು ಅವರು ಮಲ್ಪೆಯಲ್ಲಿದ್ದಾಗ ಕೇಳಿದ್ದರು. ನಮ್ಮಲ್ಲಿ ಬರಕ್ಕೆ, ರೋಗಕ್ಕೆ ಸುಳಿ ಒಣಗಿದ ಮರಗಳು ಇಟ್ಟಿಗೆ ಗೂಡಿಗೆ ಹೋಗುತ್ತವೆ. ತೆಂಗಿನ ಬುಡದ ಹೊರಸುತ್ತು ಕಬ್ಬಿಣದಂತಿರುತ್ತದೆ, ತಿರುಳು ಮಾತ್ರ ಮೆತ್ತಗೆ. ತಿರುಳು ಬಿಟ್ಟು ಹೊರಸುತ್ತಿನ ಹಲಗೆ ಸೀಳಿಸಿ ಕೊಟ್ಟಿಗೆಯ ಮಾಡಿನಡಿ ಒಟ್ಟಿದ್ದಾರೆ. ಹಸಿ ಹಲಗೆಗೆ ಫೈಬರ್ ಹೊದಿಸಿದರೆ ಒಳಗೇ ಕೊಳೆಯುತ್ತದೆಂದು ಒಣಗಲು ಬಿಟ್ಟಿದ್ದಾರೆ. ಹೊನ್ನವಳ್ಳಿಯ ಮರದ್ದೇ ದೋಣಿ, ಹೊನ್ನವಳ್ಳಿಯ ಕೆರೆಗೆ. ಮಾಡಿಸುವವರು ಸಿಕ್ಕಿದ್ದಾರೆಯೇ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು.

"ಸಿಗ್ದಿದ್ರೂ ಒಂದ್ ಮಾಡ್ತೀನಿ ಕಣಣ್ಣ. ಬಿಡೋ ಹೊತ್ಗೆ ಕಾಲುವೆ ನೀರು ಬಂದಿರ್ಬೇಕು, ಅಷ್ಟೇಯ."