ಎಂಟನೇ ವಯಸ್ಸಿನಲ್ಲಿ ಅಳೆದರೆ ಸಾಲದು

ಡಬ್ಲಿನ್‌ನಲ್ಲಿ ನೆಲೆಸಿರುವ ಓದುಗರೊಬ್ಬರು ಕೇಳಿದ್ದಾರೆ: ‘ಮಗಳ ಶಾಲೆಯಿಂದ ಟೀಚರೊಬ್ಬರು ಮನೆಗೇ ಬಂದು ಮಾತಾಡಿಸಿ ಹೋದರು. ಮಗಳದೇನೂ ತಪ್ಪಿಲ್ಲವಂತೆ. ಹಾಗಾದರೆ ಬಂದದ್ದು ಯಾಕೆ?’ ಇದಕ್ಕೆ ಉತ್ತರ ಹುಡುಕಲು ಅದೇ ಊರಿನ ರಟ್‌ಲೆಂಡ್ ಸ್ಟ್ರೀಟಿಗೆ, 1969ಕ್ಕೆ ಹೋಗಬೇಕು.

ಐರ್ಲೆಂಡಿನ ಮಕ್ಕಳು ಎಷ್ಟು ಬೇಗ ಶಾಲೆ ಬಿಡುತ್ತಾರೆ, ಬಡವರ ಮನೆಯ ಮಕ್ಕಳು ಇನ್ನೂ ಎಷ್ಟು ಬೇಗ ಬಿಡುತ್ತಾರೆ ಎಂಬುದನ್ನು 1965ರ ಒಂದು ಸರ್ಕಾರಿ ವರದಿ ಅಂಕಿಅಂಶಗಳ ಸಮೇತ ಬಯಲಿಗಿಟ್ಟಿತ್ತು. 1967ರಿಂದ ಪ್ರೌಢಶಿಕ್ಷಣ ಉಚಿತವಾಯಿತು. ಆದರೆ ಡಬ್ಲಿನ್ ಒಳನಗರದ ಬಡ ಕೇರಿಗಳಲ್ಲಿ ಶುಲ್ಕವೊಂದೇ ಅಡ್ಡಿಯಾಗಿರಲಿಲ್ಲ. ಹಾಗಾಗಿ ಶಿಕ್ಷಣ ಇಲಾಖೆ, ವ್ಯಾನ್ ಲೀರ್ ಪ್ರತಿಷ್ಠಾನದ ನೆರವಿನಿಂದ, ರಟ್‌ಲೆಂಡ್ ಸ್ಟ್ರೀಟಿನಲ್ಲಿ ಮೂರು ವರ್ಷದ ಮಕ್ಕಳಿಗಾಗಿ ಒಂದು ಶಿಶುವಿಹಾರ ತೆರೆಯಿತು. ಮಕ್ಕಳಿಗೆ ಅಲ್ಲಿ ಎರಡು ವರ್ಷದ ಕಲಿಕೆ. ಜೊತೆಗೆ ತಾಯಂದಿರನ್ನೂ ಒಳಗೆ ಕರೆದುಕೊಂಡದ್ದು ಆ ಕಾಲಕ್ಕೆ ದೊಡ್ಡ ಹೆಜ್ಜೆ.

ಫಲಿತಾಂಶವನ್ನು ಅಳೆಯುವ ಹೊಣೆ ಟಾಮಸ್ ಕೆಲಹನ್ ಅವರದು. ಡ್ರಮ್‌ಕಾಂಡ್ರದ ಶೈಕ್ಷಣಿಕ ಸಂಶೋಧನಾ ಕೇಂದ್ರವನ್ನು ದಶಕಗಳ ಕಾಲ ಮುನ್ನಡೆಸಿದವರು ಅವರು. ಐದನೇ ವಯಸ್ಸಿಗೆ ಮಕ್ಕಳ ಬುದ್ಧಿಮತ್ತೆಯ ಅಂಕ ಏರಿತ್ತು, ಎಲ್ಲರಿಗೂ ಸಂತೋಷ. ಎಂಟನೇ ವಯಸ್ಸಿಗೆ ಮತ್ತೆ ಅಳೆದರು. ಏರಿದ್ದೆಲ್ಲ ಇಳಿದುಹೋಗಿತ್ತು. ಇಂಥ ಹೊತ್ತಿನಲ್ಲಿ ‘ಯೋಜನೆ ವಿಫಲ’ ಎಂದು ಷರಾ ಬರೆದು ಕಡತ ಮುಚ್ಚುವುದು ಎಷ್ಟು ಸುಲಭ! ಕೆಲಹನ್ ಮುಚ್ಚಲಿಲ್ಲ. ಆ ಮಕ್ಕಳಿಗೆ ಹದಿನಾರು ತುಂಬುವವರೆಗೆ ಅವರ ಜಾಡು ಹಿಡಿದರು. 1993ರಲ್ಲಿ ಅವರು ವಿನ್ಸೆಂಟ್ ಗ್ರೇನಿ ಜೊತೆ ಪ್ರಕಟಿಸಿದ ಫಲಿತಾಂಶ ಬೇರೆಯೇ ಕಥೆ ಹೇಳಿತು. ಶಿಶುವಿಹಾರಕ್ಕೆ ಹೋದವರು ಶಾಲೆಯಲ್ಲಿ ಹೆಚ್ಚು ಕಾಲ ಉಳಿದಿದ್ದರು, ಪಬ್ಲಿಕ್ ಪರೀಕ್ಷೆಗೆ ಕೂತವರೂ ಅವರಲ್ಲೇ ಹೆಚ್ಚು.

ಅಡಿಕೆ ತೋಟದವರಿಗೆ ಇದು ಅರ್ಥವಾಗುತ್ತದೆ. ಎಳೆಯ ಅಡಿಕೆ ಮರದ ಕಾಂಡಕ್ಕೆ ನೈಋತ್ಯದ ಬಿಸಿಲು ನೇರ ಬಡಿಯಬಾರದೆಂದು ಹಾಳೆ ಕಟ್ಟುತ್ತಾರೆ, ಬಾಳೆಯ ನೆರಳು ಕೊಡುತ್ತಾರೆ. ಹಾಳೆ ಕಟ್ಟಿದ ಮರ, ಕಟ್ಟದ ಮರ ಎರಡನ್ನೂ ಕೆಲವು ವರ್ಷ ಬಿಟ್ಟು ಅಳೆದು ನೋಡಿ, ಎತ್ತರದಲ್ಲಿ ವ್ಯತ್ಯಾಸ ಸಿಗದೇ ಇರಬಹುದು. ಬಿಸಿಲು ತಿಂದ ಕಾಂಡ ಮಾತ್ರ ಸೀಳುಬಿಟ್ಟಿರುತ್ತದೆ. ಮುಂದೊಂದು ಮಳೆಗಾಲದ ಗಾಳಿಗೆ ಮುರಿದು ಬೀಳುವುದು ಅದೇ. ಎತ್ತರ ಅಳೆದವನು ಸುಳ್ಳು ಹೇಳಿರಲಿಲ್ಲ, ಅಳೆಯಬೇಕಾದದ್ದನ್ನು ಅಳೆದಿರಲಿಲ್ಲ, ಅಷ್ಟೆ.

ರಟ್‌ಲೆಂಡ್ ಸ್ಟ್ರೀಟ್ ಪ್ರಯೋಗದಲ್ಲಿ ಒಂದು ಕೊರತೆಯೂ ಇತ್ತು. ಮಕ್ಕಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿರಲಿಲ್ಲ. ಅದೇ ಪ್ರದೇಶದ, ಶಿಶುವಿಹಾರ ಬರುವ ಮೊದಲಿನ ಮಕ್ಕಳೊಂದಿಗೆ ಹೋಲಿಸಿದ್ದರು. ಆದರೆ ಅಮೆರಿಕದ ಮಿಷಿಗನ್‌ನಲ್ಲಿ 1962ರಲ್ಲಿ ಆರಂಭವಾದ ಪೆರಿ ಶಿಶುವಿಹಾರದ ಅಧ್ಯಯನದಲ್ಲಿ 123 ಮಕ್ಕಳನ್ನು ಹಾಗೆ ವಿಂಗಡಿಸಲಾಗಿತ್ತು, ಅಲ್ಲಿಯೂ ಅಂಕ ಏರಿ ಇಳಿಯಿತು, ಓದು ಮುಗಿಸಿದವರು ಹೆಚ್ಚಾದರು. ಎರಡೂ ಕಡೆ ಒಂದೇ ಚಿತ್ರ ಕಾಣುವುದರಿಂದ ನಾನು ಇದನ್ನು ನಂಬುತ್ತೇನೆ. ‘ಮೂರೇ ತಿಂಗಳಲ್ಲಿ ಮಗುವಿನ ಐಕ್ಯೂ ಹೆಚ್ಚಿಸುತ್ತೇವೆ’ ಎಂಬ ಜಾಹೀರಾತನ್ನು ನಂಬದಿರುವುದೂ ಇದೇ ಕಾರಣಕ್ಕೆ. ಐಕ್ಯೂ ಹೆಚ್ಚಿಸಬಹುದು, ಅದು ನಿಲ್ಲುವುದಿಲ್ಲ.

ಹಾಗಾದರೆ ನಿಂತದ್ದು ಯಾವುದು? ನನ್ನ ಮಟ್ಟಿಗೆ, ಶಾಲೆಯೊಂದಿಗೆ ಮನೆಗೆ ಬೆಳೆದ ಸಲುಗೆ. ಆ ಕೇರಿಯ ಎಷ್ಟೋ ತಾಯಂದಿರಿಗೆ ಶಾಲೆಯೆಂದರೆ ತಾವೇ ಬೇಗ ಬಿಟ್ಟುಬಂದ ಜಾಗ. ಅಲ್ಲಿಗೆ ಮತ್ತೆ ನಿರ್ಭಯವಾಗಿ ಕಾಲಿಟ್ಟರೆ, ಹದಿಮೂರರ ಮಗ ‘ಇನ್ನು ಸಾಕು’ ಎಂದಾಗ ‘ಇನ್ನೊಂದೆರಡು ವರ್ಷ ಹೋಗಪ್ಪಾ’ ಎನ್ನುವ ಧೈರ್ಯ ಬರುತ್ತದೆ.

1990ರಲ್ಲಿ ಐರ್ಲೆಂಡ್ ಸರ್ಕಾರ ಹಿಂದುಳಿದ ಪ್ರದೇಶಗಳ ಶಾಲೆಗಳಲ್ಲಿ ಮನೆ, ಶಾಲೆ, ಸಮುದಾಯಗಳನ್ನು ಬೆಸೆಯುವ ಯೋಜನೆ ತಂದಾಗ ಹಿಡಿದದ್ದು ಇದೇ ಎಳೆಯನ್ನು. ಶಾಲೆಯ ಒಬ್ಬ ಶಿಕ್ಷಕರನ್ನು ಪಾಠದಿಂದ ಪೂರ್ತಿ ಬಿಡುಗಡೆ ಮಾಡಿ ತಂದೆತಾಯಿಯರ ಜೊತೆಗಿನ ಕೆಲಸಕ್ಕೇ ನೇಮಿಸುತ್ತಾರೆ. 2005ರಲ್ಲಿ ರೂಪುಗೊಂಡ ‘ಡೆಶ್’ ಯೋಜನೆಯೊಳಗೆ ಈಗ ಅದು ಸೇರಿದೆ. ಓದುಗರ ಮನೆಗೆ ಬಂದವರು ಅಂಥವರೇ ಇರಬೇಕು. ಅವರು ದೂರು ಹೊತ್ತು ಬರುವವರಲ್ಲ, ತಪಾಸಣೆಗೆ ಬರುವವರೂ ಅಲ್ಲ. ಪರಿಚಯವಾಗಲಿ, ಶಾಲೆಗೆ ಬರಲು ಸಂಕೋಚ ಬೇಡ ಎಂದು ಹೇಳಲು ಬರುತ್ತಾರೆ. ಸಾಮಾನ್ಯವಾಗಿ ಐದು ವರ್ಷವಾದ ಮೇಲೆ ಅವರು ತರಗತಿಗೆ ಮರಳಬೇಕು, ಅವರ ಜಾಗಕ್ಕೆ ಇನ್ನೊಬ್ಬರು. ಈ ನಿಯಮ ನನಗೆ ಬಹಳ ಹಿಡಿಸಿದೆ: ಹೀಗೆ ಒಬ್ಬರಾದ ಮೇಲೊಬ್ಬರು, ಮಕ್ಕಳ ಮನೆಯೊಳಗೆ ಕೂತು ಬಂದ ಶಿಕ್ಷಕರು ಆ ಶಾಲೆಯ ತರಗತಿಗಳಲ್ಲಿ ಹೆಚ್ಚುತ್ತಾ ಹೋಗುತ್ತಾರೆ.