ಎಂಜಿನ್ ರೈಸ್ ಮಾಡಿದರೆ ಆಯುಸ್ಸು ಕುಗ್ಗುತ್ತದೆಯೇ?

ಕಾರಿನ ಎಂಜಿನ್ ಜೋರಾಗಿ ತಿರುಗುವಾಗ ಅತಿ ಹೆಚ್ಚು ಎಳೆತಕ್ಕೆ ಸಿಗುವ ಭಾಗ ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡ್. ನಿಮಿಷಕ್ಕೆ ಎಷ್ಟು ಸುತ್ತು ಎಂದು ತೋರಿಸುವ ಟ್ಯಾಕೋಮೀಟರಿನ ಮುಳ್ಳು 6,000ದಲ್ಲಿದೆ ಎಂದರೆ ಕ್ರ್ಯಾಂಕ್ ಸೆಕೆಂಡಿಗೆ 100 ಸುತ್ತು ಹಾಕುತ್ತಿದೆ. ಅಷ್ಟರಲ್ಲಿ ಪಿಸ್ಟನ್ 200 ಸಲ ನಿಂತು, ದಿಕ್ಕು ಬದಲಿಸಿ, ಮತ್ತೆ ಓಡಿರುತ್ತದೆ. ಪಿಸ್ಟನ್ನಿನ ಓಟ 80 ಮಿಲಿಮೀಟರ್ ಇರುವ ಎಂಜಿನ್ನಿನಲ್ಲಿ, ಮೇಲಿನ ತುದಿಯಲ್ಲಿ ಅದನ್ನು ತಡೆದು ಹಿಂದಕ್ಕೆ ಎಳೆಯಲು ಬೇಕಾಗುವ ಬಲ ಅದರ ತೂಕದ ಸುಮಾರು 2,000 ಪಟ್ಟು. ಅಂಗೈಯಲ್ಲಿ ಹಿಡಿಯಬಹುದಾದ 300 ಗ್ರಾಂ ಪಿಸ್ಟನ್ ಆ ಕ್ಷಣಕ್ಕೆ 600 ಕಿಲೋದ ಮೂಟೆಯಂತೆ ರಾಡನ್ನು ಜಗ್ಗುತ್ತದೆ. ಅದೇ ಎಂಜಿನ್ 3,000ದಲ್ಲಿ ತಿರುಗುತ್ತಿದ್ದರೆ ಜಗ್ಗಾಟ 150 ಕಿಲೋ ಮಾತ್ರ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ರೈಸ್ ಮಾಡಿದರೆ ಎಂಜಿನ್ ಹಾಳು ಎಂಬ ಮಾತಿನ ಹಿಂದಿರುವ ಗಟ್ಟಿ ಲೆಕ್ಕ ಇದು.

ಈ ಲೆಕ್ಕ ಎಂಜಿನ್ ರೂಪಿಸಿದವರಿಗೂ ಗೊತ್ತು. ಉಕ್ಕಿಗೆ ಒಂದು ಗುಣವಿದೆ: ಮಿತಿಯೊಳಗಿನ ಎಳೆತವನ್ನು ಕೋಟಿಗಟ್ಟಲೆ ಸಲ ತಾಳಿಕೊಂಡರೂ ಅದು ದಣಿದು ಬಿರುಕು ಬಿಡುವುದಿಲ್ಲ. ರಾಡು, ಬೋಲ್ಟು, ಕ್ರ್ಯಾಂಕುಗಳನ್ನು ಆ ಮಿತಿಯ ಕೆಳಗೇ ಕೆಲಸ ಮಾಡುವಷ್ಟು ದಪ್ಪಕ್ಕೆ ಮಾಡಿರುತ್ತಾರೆ. ಮೀಟರಿನಲ್ಲಿ ಕೆಂಪು ಗೆರೆ ಎಳೆಯುವುದು ಅದಾದ ಮೇಲೆ. ಮಾರಾಟಕ್ಕೆ ಬಿಡುವ ಮುನ್ನ ಎಂಜಿನ್ನನ್ನು ಡೈನಮೋಮೀಟರಿಗೆ ಕಟ್ಟಿ, ಪೂರ್ತಿ ಹೊರೆ ಕೊಟ್ಟು ನೂರಾರು ಗಂಟೆ ಓಡಿಸಿ ನೋಡುವುದು ವಾಡಿಕೆ. 1999ರಲ್ಲಿ ಬಂದ ಹೋಂಡಾ ಎಸ್‌2000 ಕಾರಿನ ಎರಡು ಲೀಟರ್ ಎಂಜಿನ್ 9,000ದವರೆಗೆ ತಿರುಗುತ್ತಿತ್ತು. ಹಾಗಿದ್ದೂ ಅದು ಬಾಳಿಕೆಗೇ ಹೆಸರಾಯಿತು.

ಹೀಗಾಗಿ ಆಯುಸ್ಸಿನ ಪ್ರಶ್ನೆ ಬಂದು ನಿಲ್ಲುವುದು ಆಯಿಲ್ ಬಳಿ. ಕ್ರ್ಯಾಂಕ್‌ಶಾಫ್ಟಿಗೂ ಅದರ ಬೇರಿಂಗಿಗೂ ನಡುವೆ ಕೂದಲೆಳೆಗಿಂತ ಎಷ್ಟೋ ತೆಳುವಾದ, ಕೆಲವೇ ಮೈಕ್ರಾನ್ ದಪ್ಪದ ಆಯಿಲ್ ಪದರವಿರುತ್ತದೆ. ನೀರು ನಿಂತ ರಸ್ತೆಯಲ್ಲಿ ವೇಗವಾಗಿ ಹೋಗುವ ಟೈರು ನೆಲ ಬಿಟ್ಟು ತೇಲುವ ಹಾಗೆ, ಶಾಫ್ಟ್ ತಿರುಗುವ ರಭಸಕ್ಕೇ ಆಯಿಲ್ ಅಡಿಗೆ ನುಗ್ಗಿ ಅದನ್ನು ಎತ್ತಿ ಹಿಡಿಯುತ್ತದೆ. ವೇಗ ಹೆಚ್ಚಿದರೆ ಪದರ ದಪ್ಪವಾಗುತ್ತದೆ, ಬಿಸಿ ಹೆಚ್ಚಿದರೆ ತೆಳುವಾಗುತ್ತದೆ. ಹದವಾಗಿ ಬಿಸಿಯಾದ ಎಂಜಿನ್ನಿನಲ್ಲಿ ಲಾರಿಯೊಂದನ್ನು ಓವರ್‌ಟೇಕ್ ಮಾಡಲು ಮುಳ್ಳನ್ನು 5,500ಕ್ಕೆ ಏರಿಸಿದರೆ ಸವೆತ ಎನ್ನುವಂಥದ್ದೇನೂ ಆಗದು. ಸದಾ ಹಾಗೇ ಓಡಿಸಿದರೆ ಮಾತು ಬೇರೆ: ಐದನೇ ಗೇರಿನಲ್ಲಿ ಹೋಗಬಹುದಾದ ಕಿಲೋಮೀಟರನ್ನು ಮೂರನೇ ಗೇರಿನಲ್ಲಿ ಹೋದರೆ ರಿಂಗುಗಳು ಅಷ್ಟು ಹೆಚ್ಚು ಸಲ ಉಜ್ಜುತ್ತವೆ, ಆಯಿಲ್ ಬೇಗ ಕೆಡುತ್ತದೆ, ಪೆಟ್ರೋಲ್ ಖರ್ಚೂ ಏರುತ್ತದೆ. ಆಯುಸ್ಸು ಅಷ್ಟರಮಟ್ಟಿಗೆ ಕಡಿಮೆಯಾಗುವುದು ನಿಜ, ಆದರೆ ಇದು ನಿಧಾನದ ಸವೆತ.

ಹೆಚ್ಚು ಕೆಡುಕಿರುವುದು ಬೆಳಗಿನ ಮೊದಲ ಕೆಲವು ನಿಮಿಷಗಳಲ್ಲಿ. ರಾತ್ರಿಯಿಡೀ ನಿಂತ ಕಾರಿನ ಆಯಿಲ್ ತಳದ ಸಂಪಿಗೆ ಇಳಿದು ಮಂದವಾಗಿರುತ್ತದೆ. ಪಂಪು ಅದನ್ನು ಮೇಲಿನ ಕ್ಯಾಮ್‌ಶಾಫ್ಟಿನವರೆಗೆ ಏರಿಸುವುದಕ್ಕೆ ಕೆಲವು ಸೆಕೆಂಡು ಬೇಕು. ಅಲ್ಯೂಮಿನಿಯಮ್ ಪಿಸ್ಟನ್ ಬಿಸಿಯಾಗಿ ಹಿಗ್ಗಿದ ಮೇಲೆಯೇ ಸಿಲಿಂಡರಿಗೆ ಸರಿಯಾಗಿ ಕೂರುವಂಥದ್ದು; ತಣ್ಣಗಿದ್ದಾಗ ಸಡಿಲವಾಗಿ ಗೋಡೆಗೆ ಬಡಿಯುತ್ತದೆ. ಕೆಲವು ಹಳೆಯ ಕಾರುಗಳಲ್ಲಿ ಬೆಳಗ್ಗೆ ಕೇಳಿ ಆಮೇಲೆ ಮಾಯವಾಗುವ ಟಕಟಕ ಸದ್ದಿಗೆ ಇದೂ ಒಂದು ಕಾರಣ. ತಣ್ಣನೆಯ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಹೋಗುವುದರಿಂದ, ಉರಿಯದೆ ಉಳಿದದ್ದು ಗೋಡೆಯ ಆಯಿಲನ್ನೂ ತೊಳೆಯುತ್ತದೆ. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಚೋಕ್ ಎಳೆದು ಒಂದಷ್ಟು ರೈಸ್ ಮಾಡದಿದ್ದರೆ ಕಾರ್ಬುರೇಟರ್ ಎಂಜಿನ್ ಆಫ್ ಆಗಿಬಿಡುತ್ತಿತ್ತು, ಹಾಗಾಗಿ ಆ ಅಭ್ಯಾಸಕ್ಕೆ ಅರ್ಥವಿತ್ತು. ಫ್ಯೂಯಲ್ ಇಂಜೆಕ್ಷನ್ ಬಂದ ಮೇಲೆ ಆ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಅಭ್ಯಾಸ ಮಾತ್ರ ಅಪ್ಪನಿಂದ ಮಗನಿಗೆ ದಾಟಿಕೊಂಡು ಬಂದಿದೆ. ಎಂಜಿನ್ ಬಿಸಿಯಾಗಲು ಒಳ್ಳೆಯ ದಾರಿ, ಸ್ಟಾರ್ಟ್ ಮಾಡಿ ಅರೆ ನಿಮಿಷಕ್ಕೆ ಹೊರಟು ಮೊದಲ ಹತ್ತು ನಿಮಿಷ ಮೆತ್ತಗೆ ಓಡಿಸುವುದು. ಟೆಂಪರೇಚರ್ ಮೀಟರ್ ತೋರಿಸುವುದು ಕೂಲಂಟಿನ ಬಿಸಿಯನ್ನು. ಆಯಿಲ್ ಬಿಸಿಯಾಗುವುದು ಅದಕ್ಕಿಂತ ತಡವಾಗಿ.

ಸಿಗ್ನಲ್ಲಿನಲ್ಲಿ, ಮದುವೆ ದಿಬ್ಬಣದಲ್ಲಿ ನ್ಯೂಟ್ರಲ್‌ಗೆ ಹಾಕಿ ಆಕ್ಸಿಲರೇಟರ್ ಒತ್ತುವುದರಿಂದ ಯಾವ ಪ್ರಯೋಜನವೂ ಇಲ್ಲ. ಹೊರೆಯಿಲ್ಲದ ಎಂಜಿನ್ ಕ್ಷಣದಲ್ಲಿ ಮೇಲಕ್ಕೆ ಹಾರುತ್ತದೆ, ಎದುರಿಗೆ ಗಾಳಿಯಿಲ್ಲದೆ ರೇಡಿಯೇಟರ್ ಫ್ಯಾನನ್ನೇ ನೆಚ್ಚಿ ನಿಲ್ಲುತ್ತದೆ. ಕೆಲವು ಕಾರುಗಳು ನಿಂತಲ್ಲೇ ಹೆಚ್ಚು ರೈಸ್ ಆಗದಂತೆ ಅದಕ್ಕೇ ಕಡಿವಾಣ ಹಾಕಿಕೊಂಡು ಬರುತ್ತವೆ.

ಇದಕ್ಕೆ ತದ್ವಿರುದ್ಧವಾದ ಅಭ್ಯಾಸ ಎಂಜಿನ್ನಿಗೆ ಇನ್ನೂ ಹೆಚ್ಚು ತ್ರಾಸು ಕೊಡುತ್ತದೆ. ಅದು ಒಳ್ಳೆಯ ಡ್ರೈವಿಂಗ್ ಎನ್ನಿಸಿಕೊಳ್ಳುವುದು ವಿಚಿತ್ರ. ಮೈಲೇಜಿನ ಆಸೆಗೆ 35 ಕಿ.ಮೀ. ವೇಗದಲ್ಲೇ ಟಾಪ್ ಗೇರಿಗೆ ಹೋಗಿ, ಶಿರಾಡಿ ಘಾಟಿಯ ಏರಿನಲ್ಲೂ ಗೇರ್ ಇಳಿಸದೆ ಆಕ್ಸಿಲರೇಟರನ್ನು ತಳಕ್ಕೆ ಒತ್ತಿದರೆ ಕಾರು ಗಡಗಡ ಅದುರುತ್ತದೆ. ಶಾಫ್ಟ್ ನಿಧಾನವಾಗಿರುವುದರಿಂದ ಆಯಿಲ್ ಪದರ ತೆಳುವಾಗಿರುತ್ತದೆ, ಮೇಲಿನಿಂದ ಸ್ಫೋಟದ ಒತ್ತಡ ಪೂರ್ತಿ ಬೀಳುತ್ತದೆ. ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ನುಗಳಲ್ಲಿ ಇಂಥ ಹೊತ್ತಿನಲ್ಲೇ ಸ್ಪಾರ್ಕ್ ಬರುವ ಮುನ್ನ ಇಂಧನ ತಾನೇ ಹೊತ್ತಿಕೊಂಡು ಪಿಸ್ಟನ್ ಒಡೆದದ್ದುಂಟು. ಅಲ್ಲಿ ಮೂರನೇ ಗೇರಿಗೆ ಇಳಿಸಿ 3,500ರಲ್ಲಿ ಏರಿದರೆ ಸದ್ದು ಹೆಚ್ಚು, ನೋವು ಕಡಿಮೆ.

ಕೆಂಪು ಗೆರೆ ದಾಟದಂತೆ ಇಂದಿನ ಕಾರುಗಳಲ್ಲಿ ಲಿಮಿಟರ್ ಇಂಧನ ನಿಲ್ಲಿಸಿ ಕಾಯುತ್ತದೆ. ಅದು ಕಾಯಲಾಗದ ಸಂದರ್ಭ ಒಂದಿದೆ: ಐದರಿಂದ ನಾಲ್ಕಕ್ಕೆ ಇಳಿಸುವ ಬದಲು ಕೈತಪ್ಪಿ ಎರಡಕ್ಕೆ ಹಾಕಿ ಕ್ಲಚ್ ಬಿಟ್ಟಾಗ. ಆಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಸ್ಪ್ರಿಂಗುಗಳಿಗೆ ಸಮಯ ಸಾಲದೆ ತೆರೆದೇ ಉಳಿದ ವಾಲ್ವುಗಳಿಗೆ ಪಿಸ್ಟನ್ ಬಡಿದು ಅವು ಬಾಗುತ್ತವೆ. ಟರ್ಬೊ ಇರುವ ಕಾರಿಗೆ ಇನ್ನೊಂದು ಅಪಾಯ. ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಅದರ ಶಾಫ್ಟ್ ನಿಂತಿರುವುದೂ ಆಯಿಲ್ ಮೇಲೆಯೇ. ಘಾಟಿ ಹತ್ತಿಸಿ, ಚಹಾದಂಗಡಿ ಕಂಡ ಕೂಡಲೇ ಕೀ ತಿರುಗಿಸಿದರೆ ಒಳಗೆ ಸಿಕ್ಕಿದ ಆಯಿಲ್ ಸುಟ್ಟು ಕರಿಕಟ್ಟುತ್ತದೆ. ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟರೆ ಸಾಕು.

ಡೀಸೆಲ್ ಕಾರಿಗಂತೂ ಆಗಾಗ ಬೆವರು ಸುರಿಸುವ ಓಟ ಬೇಕೇ ಬೇಕು. 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್6 ನಿಯಮದ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಹಿಡಿದ ಮಸಿ ಸುಟ್ಟುಹೋಗಲು 600 ಡಿಗ್ರಿಯಷ್ಟು ಬಿಸಿ ಬೇಕು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ತೆವಳುವುದನ್ನಷ್ಟೇ ಕಂಡ ಕಾರಿನಲ್ಲಿ ಆ ಬಿಸಿ ಹುಟ್ಟದೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಜೋರಾಗಿ ಓಡುವ ಎಂಜಿನ್ ಆಯಿಲನ್ನೂ ಹೆಚ್ಚು ಕುಡಿಯುತ್ತದೆ. ಸರ್ವಿಸಿನಿಂದ ಸರ್ವಿಸಿಗೆ 10,000 ಕಿ.ಮೀ. ಇದೆ ಎಂದು ನಡುವೆ ಬಾನೆಟ್ ಎತ್ತದವರ ಕಾರಿನಲ್ಲಿ ಡಿಪ್‌ಸ್ಟಿಕ್ಕಿನ ಕೆಳಗಿನ ಗುರುತಿಗಿಂತಲೂ ಆಯಿಲ್ ಇಳಿದಿರಬಹುದು. ಅಂಥ ಕಾರು ಘಾಟಿಯ ತಿರುವಿನಲ್ಲಿ ವಾಲಿದಾಗ ಆಯಿಲ್ ಒಂದು ಬದಿಗೆ ಸರಿದು, ಪಂಪು ಗಾಳಿಯನ್ನು ಹೀರುತ್ತದೆ. 5,000ದಲ್ಲಿ ತಿರುಗುತ್ತಿರುವ ಬೇರಿಂಗು ಪದರವಿಲ್ಲದೆ ಕೆಲವು ಸೆಕೆಂಡು ಕಳೆದರೆ ಸಾಕು, ಮೆಕ್ಯಾನಿಕ್ ಸದ್ದು ಕೇಳಿಯೇ ಎಂಜಿನ್ ಬಿಚ್ಚಬೇಕು ಎನ್ನುತ್ತಾನೆ.