ನೆರೆಯ ಇತಿಹಾಸ ಮತ್ತು ನಮ್ಮ ಆಸ್ತಿ: ಮನೆ-ಮಳಿಗೆಗಳ ಮಾಲೀಕರು ತಿಳಿದಿರಬೇಕಾದ ಸಂಗತಿಗಳು

ನಮ್ಮ ಸದಸ್ಯ ವ್ಯಾಪಾರಸ್ಥರು ಹಾಗೂ ಸಣ್ಣ ಉದ್ದಿಮೆದಾರರಲ್ಲಿ ಬಹುತೇಕರ ವಾಸದ ಮನೆಯು ಕೇವಲ ಮನೆಯಲ್ಲ. ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಖಾತೆಗೆ ಅಡಮಾನವಾಗಿರುವುದೂ ಅದೇ. ಅನೇಕ ಕಡೆ ಕೆಳಗೆ ಅಂಗಡಿ, ಮೇಲೆ ಮನೆ. ಒಂದೇ ರಾತ್ರಿಯ ನೀರಿನಲ್ಲಿ ಸರಕು, ಮನೆ, ಲೆಕ್ಕದ ಪುಸ್ತಕ ಮೂರೂ ಹಾಳಾದರೆ ಸಾಲದ ಆಧಾರವೂ ಅದನ್ನು ತೀರಿಸುವ ಮಾರ್ಗವೂ ಒಟ್ಟಿಗೆ ಹೋಗುತ್ತವೆ. ಆದಕಾರಣ ಆಸ್ತಿಯ ಹಕ್ಕುಪತ್ರಗಳನ್ನು ಪರಿಶೀಲಿಸುವಷ್ಟೇ ಶ್ರದ್ಧೆಯಿಂದ ಆ ಜಾಗದ ನೆರೆಯ ಚರಿತ್ರೆಯನ್ನೂ ಪರಿಶೀಲಿಸುವುದು ಅವಶ್ಯಕ.

ನೆರೆಯಲ್ಲಿ ಮೂರು ಬಗೆ

ನಮ್ಮ ರಾಜ್ಯದ ಅನುಭವವನ್ನು ಗಮನಿಸಿದರೆ ನೆರೆಯು ಮೂರು ಬಗೆಯಲ್ಲಿ ಬಂದಿದೆ.

ಮೊದಲನೆಯದು, ದೂರದ ಮಳೆಯಿಂದ ಬರುವ ನದಿಯ ನೆರೆ. 2005 ಮತ್ತು 2019ರಲ್ಲಿ ಪಶ್ಚಿಮ ಘಟ್ಟದಲ್ಲಿ ಸುರಿದ ಮಳೆಯಿಂದ ಕೃಷ್ಣೆ ಮತ್ತು ಅದರ ಉಪನದಿಗಳು ಉಕ್ಕಿ, ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಊರುಗಳಿಗೆ ನೀರು ನುಗ್ಗಿತು. ಇಂತಹ ನೆರೆಗೆ ಸಾಮಾನ್ಯವಾಗಿ ಮುನ್ಸೂಚನೆ ಇರುತ್ತದೆ. ಸರಕು ಸಾಗಿಸಲು ಸ್ವಲ್ಪ ಕಾಲಾವಕಾಶ ದೊರೆಯುತ್ತದೆ.

ಎರಡನೆಯದು, ಬಯಲುಸೀಮೆಯ ಮೇಲೆಯೇ ಸುರಿಯುವ ಮಳೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ, ಮುಂಗಾರು ಮುಗಿಯಿತೆಂದು ಎಲ್ಲರೂ ಭಾವಿಸಿದ್ದಾಗ, ಬರಪೀಡಿತವೆಂದೇ ಹೆಸರಾದ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಭಾರೀ ಮಳೆಯಾಗಿ 200ಕ್ಕೂ ಹೆಚ್ಚು ಜನ ಸತ್ತರು. ನದಿಯಿಂದ ದೂರವಿದ್ದ ಊರುಗಳಲ್ಲಿಯೂ ಹಳ್ಳಗಳು ಉಕ್ಕಿದವು, ಮಣ್ಣಿನ ಗೋಡೆಯ ಮನೆಗಳು ನೆನೆದು ಕುಸಿದವು.

ಮೂರನೆಯದು, ನಗರದ ನೆರೆ. 2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ಕೋಟಿ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರ್ ಮತ್ತು ದೋಣಿಗಳಲ್ಲಿ ಹೊರತರಬೇಕಾಯಿತು. ಅಲ್ಲಿ ನದಿಯೇ ಇಲ್ಲ. ಕೆರೆಯಿಂದ ಕೆರೆಗೆ ನೀರು ಹರಿಸುವ ರಾಜಕಾಲುವೆ ಕಿರಿದಾದರೆ ನೀರು ತನ್ನ ಹಳೆಯ ದಾರಿಯನ್ನೇ ಹಿಡಿಯುತ್ತದೆ. ಇಂತಹ ನೆರೆಗೆ ಸಿಗುವ ಕಾಲಾವಕಾಶ ಕೆಲವೇ ಗಂಟೆಗಳು.

ತಮ್ಮ ಆಸ್ತಿಗೆ ಇವುಗಳಲ್ಲಿ ಯಾವ ಬಗೆಯ ಅಪಾಯವಿದೆ ಎಂಬುದನ್ನು ಪ್ರತಿಯೊಬ್ಬರೂ ಮೊದಲು ನಿರ್ಧರಿಸಿಕೊಳ್ಳತಕ್ಕದ್ದು.

‘ನೂರು ವರ್ಷಕ್ಕೊಮ್ಮೆ’ ಎಂಬುದರ ಅರ್ಥ

‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಎಂದಾಗ, ಒಮ್ಮೆ ಬಂದುಹೋದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಅನೇಕರು ಅರ್ಥ ಮಾಡಿಕೊಳ್ಳುತ್ತಾರೆ. ಇದು ಸರಿಯಲ್ಲ. ಯಾವುದೇ ಒಂದು ವರ್ಷದಲ್ಲಿ ಅಷ್ಟು ಅಥವಾ ಅದಕ್ಕಿಂತ ದೊಡ್ಡ ನೆರೆ ಬರುವ ಸಂಭವ ಶೇ. 1 ಎಂಬುದೇ ಅದರ ಅರ್ಥ. 20 ವರ್ಷ ಅವಧಿಯ ಗೃಹಸಾಲವಿದ್ದರೆ, ಆ ಅವಧಿಯಲ್ಲಿ ಒಮ್ಮೆಯಾದರೂ ಅಂತಹ ನೆರೆ ಬರುವ ಸಂಭವ ಸುಮಾರು ಶೇ. 18. ಇಪ್ಪತ್ತೈದು ವರ್ಷಕ್ಕೊಮ್ಮೆ ನೀರು ಬರುವ ಜಾಗವಾಗಿದ್ದರೆ ಅದೇ ಅವಧಿಯಲ್ಲಿ ಈ ಸಂಭವ ಸುಮಾರು ಶೇ. 56, ಅಂದರೆ ಸಾಲ ತೀರುವ ಮೊದಲು ನೀರು ಬರುವ ಸಾಧ್ಯತೆಯೇ ಹೆಚ್ಚು.

ಅಣೆಕಟ್ಟು ಇದೆ ಎಂಬ ಧೈರ್ಯವನ್ನೂ ಎಚ್ಚರಿಕೆಯಿಂದ ತೂಗಬೇಕು. ನವಿಲುತೀರ್ಥದ ಅಣೆಕಟ್ಟಿನ ಕೆಳಗೆ ಮಲಪ್ರಭೆಯ ಪಾತ್ರದಲ್ಲಿ ಎಷ್ಟೋ ವರ್ಷ ಹೆಚ್ಚು ನೀರು ಹರಿಯಲಿಲ್ಲ. ಪಾತ್ರ ಕಿರಿದಾಯಿತು, ಒತ್ತುವರಿಯೂ ಆಯಿತು. 2019ರ ಆಗಸ್ಟ್‌ನಲ್ಲಿ ಜಲಾಶಯದಿಂದ ನೀರು ಬಿಡುವುದು ಅನಿವಾರ್ಯವಾದಾಗ ರಾಮದುರ್ಗದಿಂದ ಪಟ್ಟದಕಲ್ಲಿನವರೆಗೆ ನದಿ ದಡದ ಊರುಗಳು ಜಲಾವೃತವಾದವು.

ಸ್ಥಳದ ಚರಿತ್ರೆಯನ್ನು ತಿಳಿಯುವ ಬಗೆ

1. ಕಂದಾಯ ದಾಖಲೆ: ಗ್ರಾಮ ನಕಾಶೆಯಲ್ಲಿ ಹಳ್ಳ, ಕೆರೆ, ಕಾಲುವೆಗಳ ಗುರುತು ಇರುತ್ತದೆ. ಪಹಣಿಯಲ್ಲಿ ‘ಬ’ ಖರಾಬು ಎಂದಿದ್ದರೆ ಅದು ರಸ್ತೆ, ಹಳ್ಳ ಮುಂತಾದ ಸಾರ್ವಜನಿಕ ಉಪಯೋಗದ ಭೂಮಿ ಎಂದು ತಿಳಿಯಬೇಕು. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ತಾವು ನಿಂತ ಜಾಗದ ಸರ್ವೆ ನಂಬರನ್ನು ನೋಡಬಹುದು.

2. ಹೆಸರು ಮತ್ತು ಹಿರಿಯರು: ಊರಿನ ಅಥವಾ ಓಣಿಯ ಹೆಸರಿನಲ್ಲಿ ಕೆರೆ, ಕುಂಟೆ, ಹಳ್ಳ, ತಗ್ಗು ಎಂದಿದ್ದರೆ ಕಾರಣ ವಿಚಾರಿಸಿರಿ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಹಿಂದಿನ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಹಳೆಯ ಅಂಗಡಿಕಾರರನ್ನು ‘ನೀರು ಬಂದಿತ್ತೇ?’ ಎಂದಷ್ಟೇ ಕೇಳದೆ, ‘ಯಾವ ವರ್ಷ, ಯಾವ ಮೆಟ್ಟಿಲಿನವರೆಗೆ, ಎಷ್ಟು ತಾಸು ನಿಂತಿತ್ತು?’ ಎಂದು ಕೇಳಿರಿ. ಮಾರುವವರು ಮರೆತದ್ದನ್ನು ನೆರೆಮನೆಯವರು ನೆನಪಿಟ್ಟಿರುತ್ತಾರೆ.

3. ಮಟ್ಟದ ಲೆಕ್ಕ: ಕೇಂದ್ರ ಜಲ ಆಯೋಗವು ತನ್ನ ಮುನ್ಸೂಚನಾ ಕೇಂದ್ರಗಳಿಗೆ ಎಚ್ಚರಿಕೆಯ ಮಟ್ಟ, ಅಪಾಯದ ಮಟ್ಟ ಹಾಗೂ ಇದುವರೆಗಿನ ಗರಿಷ್ಠ ನೆರೆಯ ಮಟ್ಟವನ್ನು ಪ್ರಕಟಿಸುತ್ತದೆ. ಮಳೆಯ ಮಾಹಿತಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಲಭ್ಯ. ಸ್ಥಳೀಯ ಎಂಜಿನಿಯರರಿಂದ ತಮ್ಮ ಮನೆಯ ನೆಲದ ಮಟ್ಟವನ್ನು ಅಳೆಯಿಸಿ, ಊರಿನಲ್ಲಿ ಗೊತ್ತಿರುವ ಹಳೆಯ ನೆರೆಯ ಗುರುತಿನೊಂದಿಗೆ ಹೋಲಿಸಿದರೆ ಅಪಾಯವು ಅಡಿ-ಅಂಗುಲಗಳಲ್ಲಿ ತಿಳಿಯುತ್ತದೆ.

ವಿಮೆ: ಮೊತ್ತ ಎಷ್ಟಿರಬೇಕು?

1-4-2021ರಿಂದ ವಾಸದ ಮನೆಗಳಿಗೆ ‘ಭಾರತ್ ಗೃಹ ರಕ್ಷಾ’, ಒಟ್ಟು ಆಸ್ತಿಮೌಲ್ಯ ರೂ. 5 ಕೋಟಿವರೆಗಿನ ಉದ್ದಿಮೆಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’, ಅದಕ್ಕೂ ಮೇಲೆ ರೂ. 50 ಕೋಟಿವರೆಗೆ ‘ಭಾರತ್ ಲಘು ಉದ್ಯಮ್ ಸುರಕ್ಷಾ’ ಎಂಬ ಪಾಲಿಸಿಗಳು ಜಾರಿಯಲ್ಲಿವೆ. ಮೂರರಲ್ಲಿಯೂ ನೆರೆಯ ಹಾನಿ ಸೇರಿದೆ. ಮನೆಯ ವಿಮಾ ಮೊತ್ತವು ಕಟ್ಟಡವನ್ನು ಮತ್ತೆ ಕಟ್ಟುವ ವೆಚ್ಚವಾಗಿರಬೇಕು. ನಿವೇಶನದ ಬೆಲೆ ಇದರಲ್ಲಿ ಸೇರದು. ಕೆಳಗಿನ ಅಂಗಡಿಯ ಸರಕಿಗೆ ಮನೆಯ ಪಾಲಿಸಿ ಸಾಲದು, ಪ್ರತ್ಯೇಕ ಪಾಲಿಸಿ ಬೇಕು. ಬ್ಯಾಂಕು ಸಾಲದ ಮೊತ್ತಕ್ಕಷ್ಟೇ ವಿಮೆ ಮಾಡಿಸಿದ್ದರೆ, ಉಳಿದ ಭಾಗದ ನಷ್ಟ ಮಾಲೀಕನದೇ.

ಉದಾಹರಣೆಗೆ, ರೂ. 40 ಲಕ್ಷದ ಸರಕಿಗೆ ರೂ. 20 ಲಕ್ಷದ ವಿಮೆ ಇದ್ದು, ರೂ. 10 ಲಕ್ಷದ ಸರಕು ನೀರುಪಾಲಾಯಿತೆನ್ನೋಣ. ‘ಹೇಗೂ 20 ಲಕ್ಷದ ವಿಮೆ ಇದೆ, 10 ಲಕ್ಷ ಪೂರ್ತಿ ಬರುತ್ತದೆ’ ಎಂಬ ಎಣಿಕೆ ತಪ್ಪು. ಕಡಿಮೆ ವಿಮೆಯ ನಿಯಮದಂತೆ ಸ್ಥೂಲವಾಗಿ ಅರ್ಧ, ಅಂದರೆ ರೂ. 5 ಲಕ್ಷ ಮಾತ್ರ ದೊರೆತೀತು. ಸೂಕ್ಷ್ಮ ಮತ್ತು ಲಘು ಪಾಲಿಸಿಗಳಲ್ಲಿ ಶೇ. 15ರವರೆಗಿನ ಕೊರತೆಗೆ ಮಾತ್ರ ವಿನಾಯಿತಿ ಇದೆ.

ತೆರಿಗೆಯ ಪರಿಣಾಮ

ಜಿಎಸ್‌ಟಿ ಕಾಯಿದೆಯ 17(5)(ಎಚ್) ಕಲಮಿನ ಪ್ರಕಾರ ನಾಶವಾದ ಸರಕಿನ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗದು. ಈಗಾಗಲೇ ಪಡೆದಿದ್ದರೆ ಹಿಂದಿರುಗಿಸಬೇಕು. ಶೇ. 18 ದರದ ರೂ. 10 ಲಕ್ಷದ ಸರಕು ಹಾಳಾದರೆ ರೂ. 1.80 ಲಕ್ಷ ಕೈಯಿಂದ ಕಟ್ಟಬೇಕಾಗುತ್ತದೆ. ಪುಸ್ತಕದಲ್ಲಿರುವ ತೆರಿಗೆರಹಿತ ಬೆಲೆಗೆ ವಿಮೆ ಮಾಡಿಸಿದವರಿಗೆ ಈ ಮೊತ್ತ ಸಿಗುವುದಿಲ್ಲ. ಪಾಲಿಸಿ ಮಾಡಿಸುವಾಗಲೇ ತೆರಿಗೆಯನ್ನೂ ಸೇರಿಸಿ ಮೌಲ್ಯ ನಮೂದಿಸುವುದು ಲೇಸು. ಆದಾಯ ತೆರಿಗೆಯಲ್ಲಿ, ವಿಮೆಯಿಂದ ಭರ್ತಿಯಾಗದ ಸರಕಿನ ನಷ್ಟವನ್ನು ವ್ಯಾಪಾರದ ನಷ್ಟವಾಗಿ ತೋರಿಸಬಹುದು. ಆದರೆ ಪುರಾವೆ ಬೇಕು.

ಪುರಾವೆ ನೀರಿನಲ್ಲಿಯೇ ಹೋದರೆ ಕ್ಲೇಮು ದುರ್ಬಲವಾಗುತ್ತದೆ. ಖರೀದಿ ಬಿಲ್ಲು, ಸ್ಟಾಕ್ ರಿಜಿಸ್ಟರ್, ಪಾಲಿಸಿ, ಆಸ್ತಿಪತ್ರಗಳ ಪ್ರತಿಗಳನ್ನು ಬೇರೆ ಸ್ಥಳದಲ್ಲಿ ಇಡಬೇಕು. ಬ್ಯಾಂಕಿಗೆ ಪ್ರತಿ ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್ ವಾಸ್ತವಕ್ಕೆ ತಾಳೆಯಾಗಿರಲಿ. ಸರ್ವೇಯರರು ಅದನ್ನೂ ಕೇಳುತ್ತಾರೆ. ನೀರು ಇಳಿದ ಕೂಡಲೇ ಗೋಡೆಯ ಮೇಲಿನ ನೀರಿನ ಗುರುತು ಕಾಣುವಂತೆ ಫೋಟೋ ತೆಗೆದು, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ಸರ್ವೇಯರರು ನೋಡುವ ಮುನ್ನ ಹಾಳಾದ ಸರಕನ್ನು ವಿಲೇವಾರಿ ಮಾಡಕೂಡದು.

ನೆರೆಯನ್ನು ತಡೆಯುವುದು ವ್ಯಾಪಾರಸ್ಥನ ಕೈಯಲ್ಲಿಲ್ಲ. ಆದರೆ ಬೆಲೆಬಾಳುವ ಸರಕು ಯಾವ ಎತ್ತರದಲ್ಲಿರಬೇಕು, ಮನೆ ಮತ್ತು ಗೋದಾಮು ಎರಡೂ ಒಂದೇ ಹಳ್ಳದ ದಂಡೆಯಲ್ಲಿ ಇರಬೇಕೇ, ವಿಮೆಯ ಮೊತ್ತ ಎಷ್ಟಿರಬೇಕು ಎಂಬ ನಿರ್ಣಯಗಳು ಅವನ ಕೈಯಲ್ಲಿಯೇ ಇವೆ. ಮಾರ್ಚ್ ಅಂತ್ಯಕ್ಕೆ ಸ್ಟಾಕ್ ಎಣಿಸುವ ಸಂದರ್ಭದಲ್ಲಿಯೇ ಪಾಲಿಸಿಯನ್ನೂ ತೆಗೆದು ಓದಿದರೆ, ಮುಂಗಾರಿಗೆ ಮುನ್ನ ಅದನ್ನು ಸರಿಪಡಿಸಿಕೊಳ್ಳಲು ಎರಡು ತಿಂಗಳ ಅವಕಾಶವಿರುತ್ತದೆ.